ಮುರಿದ ಶಾಫ್ಟ್ ಬಿಸಾಡಬೇಡಿ, ಮೊದಲು ಅದರ ಮುಖ ನೋಡಿ

ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ಕಬ್ಬಿಣದ ದಂಡ, ಮುರಿದುಕೊಂಡು ನಮ್ಮ ಲೇತ್ ಶಾಪಿಗೆ ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ: "ಸ್ವಲ್ಪ ದಪ್ಪ ಮಾಡಿಕೊಡಿ ಸಾರ್." ನಾನು ಮೊದಲು ಮುರಿದ ಎರಡೂ ತುಂಡು ತರಿಸುತ್ತೇನೆ. ಯಾವ ತರಹದ ಸ್ಟ್ರೆಸ್ (ಒಳಗೆ ಬೀಳುವ ಒತ್ತಡ) ಅದನ್ನು ಮುರಿಯಿತು ಅಂತ ನೋಡದೆ ಸುಮ್ನೆ ದಪ್ಪ ಮಾಡಿದರೆ ಹೊಸದೂ ಅಲ್ಲೇ ಮುರಿಯಬಹುದು.

ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಉಜ್ಜಬೇಡಿ, ವೈರ್ ಬ್ರಷ್ ಹಾಕಬೇಡಿ. ಗುರುತೆಲ್ಲ ಅಳಿಸಿಹೋಗುತ್ತದೆ. ಸೀಮೆಎಣ್ಣೆಯಲ್ಲಿ ಮೆಲ್ಲಗೆ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಲೆಕ್ಕ ಕಷ್ಟ ಏನಿಲ್ಲ. ಬಲವನ್ನು ಅದನ್ನು ಹೊರುವ ಜಾಗದ ಅಳತೆಯಿಂದ ಭಾಗಿಸಿದರೆ ಸ್ಟ್ರೆಸ್ ಸಿಗುತ್ತದೆ. ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಅಂದರೆ ಒಂದು ಮೆಗಾಪ್ಯಾಸ್ಕಲ್. ಬೋಲ್ಟಿನ ತಲೆ ಮೇಲೆ 8.8 ಅಂತ ಇದ್ದರೆ ಅದು ತುಂಡಾಗುವುದು ಸುಮಾರು 800 ಮೆಗಾಪ್ಯಾಸ್ಕಲ್ ಎಳೆತಕ್ಕೆ. ಆದರೆ ಅದರ 80 ಪರ್ಸೆಂಟ್, ಅಂದರೆ 640 ದಾಟಿದಾಗಲೇ ಬೋಲ್ಟ್ ಹಿಗ್ಗಿ, ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಅಂಥದ್ದನ್ನು ಮತ್ತೆ ಹಾಕಬೇಡಿ.

ಎಳೆತಕ್ಕೆ ಮುರಿದ ಮೈಲ್ಡ್ ಸ್ಟೀಲಿನ ಸೊಂಟ ಸಣ್ಣಗಾಗಿರುತ್ತದೆ. ಬೀಡು ಕಬ್ಬಿಣಕ್ಕೆ ಹಾಗಾಗುವುದಿಲ್ಲ, ಹರಳುಹರಳಾಗಿ ಸಪಾಟಾಗಿ ಮುರಿಯುತ್ತದೆ. ಒತ್ತುವ ಬಲಕ್ಕೆ ಗಿಡ್ಡ ತುಂಡು ಸುಲಭಕ್ಕೆ ಜಗ್ಗದು. ಉದ್ದನೆಯ ಸಣ್ಣ ರಾಡ್ ಪಕ್ಕಕ್ಕೆ ಬಾಗಿಬಿಡುತ್ತದೆ. ಅದರ ಉದ್ದ ಅರ್ಧ ಮಾಡಿದರೆ ನಾಲ್ಕು ಪಟ್ಟು ಭಾರ ತಡೆಯುತ್ತದೆ. ಹಾಗಾಗಿ ಅಲ್ಲಿ ನಡುವೆ ಒಂದು ಆಧಾರ ಕೊಡಿ.

ಎರಡು ಪ್ಲೇಟುಗಳ ನಡುವಿನ ಪಿನ್ ಮೇಲೆ ಬೀಳುವುದು ಕತ್ತರಿಸುವ ಬಲ, ಅದೇ ಷಿಯರ್. ಸ್ಟೀಲ್ ಎಳೆತಕ್ಕೆ ತಡೆಯುವುದರಲ್ಲಿ ಸುಮಾರು 60 ಪರ್ಸೆಂಟ್ ಮಾತ್ರ ಇಲ್ಲಿ ತಡೆಯುತ್ತದೆ. ನಡುವಿನ ಪ್ಲೇಟಿಗೆ ಎರಡೂ ಕಡೆಯಿಂದ ಪ್ಲೇಟ್ ಕೊಟ್ಟರೆ ಪಿನ್ ಎರಡು ಜಾಗದಲ್ಲಿ ತುಂಡಾಗಬೇಕಾಗುತ್ತದೆ, ಸ್ಟ್ರೆಸ್ ಅರ್ಧಕ್ಕೆ ಇಳಿಯುತ್ತದೆ.

ತಿರುಚುವ ಬಲವನ್ನು ಕಣ್ಣಾರೆ ನೋಡಬೇಕಾದರೆ ಒಂದು ಸೀಮೆಸುಣ್ಣದ ಕಡ್ಡಿ ತಿರುಚಿ. 45 ಡಿಗ್ರಿ ಓರೆಯಾಗಿ ಸುತ್ತಿಕೊಂಡು ಮುರಿಯುತ್ತದೆ. ಬೀಡು ಕಬ್ಬಿಣವೂ ಹೀಗೇ. ಮೈಲ್ಡ್ ಸ್ಟೀಲ್ ಮಾತ್ರ ಅಡ್ಡಕ್ಕೆ ನೇರವಾಗಿ ತುಂಡಾಗುತ್ತದೆ. ತಿರುಚುವಾಗ ಶಾಫ್ಟಿನ ಮಧ್ಯದಲ್ಲಿ ಸ್ಟ್ರೆಸ್ ಇರುವುದಿಲ್ಲ, ಹೊರಮೈಯಲ್ಲೇ ಜಾಸ್ತಿ. ನಿಜವಾಗಿ ತಿರುಚಿಯೇ ಮುರಿದಿದ್ದರೆ ದಪ್ಪ ಮಾಡುವುದು ಸರಿ: 25 ಎಂಎಂ ಇದ್ದದ್ದನ್ನು 30 ಮಾಡಿದರೆ ತಾಕತ್ತು 70 ಪರ್ಸೆಂಟ್‌ಗೂ ಜಾಸ್ತಿ ಏರುತ್ತದೆ.

ಆದರೆ ನನ್ನ ಹತ್ತಿರ ಬರುವ ಶಾಫ್ಟುಗಳಲ್ಲಿ ಹೆಚ್ಚಿನವು ಹಾಗೆ ಒಂದೇ ಏಟಿಗೆ ಮುರಿದವಲ್ಲ. ದಣಿದು ಮುರಿದವು. ಬೆಲ್ಟ್ ಒಂದು ಕಡೆಗೆ ಎಳೆಯುತ್ತದೆ, ಶಾಫ್ಟ್ ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದಾಗ ಒಂದು ಮಗ್ಗುಲಿಗೆ ಎಳೆತ, ಎದುರು ಮಗ್ಗುಲಿಗೆ ಒತ್ತು. ಶಾಫ್ಟ್ ತಿರುಗುತ್ತಲೇ ಇರುವುದರಿಂದ ಪ್ರತಿ ಸುತ್ತಿಗೂ ಇದು ಅದಲುಬದಲಾಗುತ್ತದೆ. 1440 ಆರ್‌ಪಿಎಂ (ನಿಮಿಷಕ್ಕೆ 1440 ಸುತ್ತು) ಮೋಟಾರಿನಲ್ಲಿ ಗಂಟೆಗೆ 86,400 ಸಲ! ಬಿರುಕು ಒಂದು ಚೂಪು ಮೂಲೆಯಲ್ಲಿ ಹುಟ್ಟಿ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತದೆ. ಮುರಿದ ಮುಖದಲ್ಲಿ ಒಂದು ಭಾಗ ನುಣುಪಾಗಿದ್ದು, ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಗೆರೆಗಳಿರುತ್ತವೆ. ಇನ್ನೊಂದು ಭಾಗ ಒರಟು. ಆ ಒರಟು ಭಾಗವೇ ಕೊನೆಯಲ್ಲಿ ಒಮ್ಮೆಲೇ ಹೋದದ್ದು. ಗೆರೆಗಳ ಬೆನ್ನು ಹಿಡಿದು ಹೋದರೆ ಶುರುವಾದ ಜಾಗ ಸಿಗುತ್ತದೆ. ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಆಕ್ಸಲ್‌ಗಳ ಮೇಲೆ ಹೀಗೆ ದಣಿದು ಮುರಿಯುವುದನ್ನೇ ಪರೀಕ್ಷೆ ಮಾಡಿ ತೋರಿಸಿದರು.

ಬಿರುಕು ಕೀವೇ (ಪುಲ್ಲಿ ಜಾರದಂತೆ ಕೀಲಿ ಕೂರಿಸುವ ಕಚ್ಚು) ಮೂಲೆಯಲ್ಲೋ, ಬೇರಿಂಗ್ ಕೂರುವ ಮೆಟ್ಟಿಲಲ್ಲೋ ಶುರುವಾಗಿದ್ದರೆ, ಮೂಲೆಗೆ ರೇಡಿಯಸ್ ಕೊಡಿ, ಅಂದರೆ ಚೂಪು ಬಿಡದೆ ದುಂಡಗೆ ಮಾಡಿ ಅಂತ ಲೇತ್ ಓಡಿಸುವ ಟರ್ನರ್‌ಗೆ ಹೇಳಿ. ಟೂಲ್ ಗೆರೆ ಉಳಿಯದಂತೆ ಪಾಲಿಷ್ ಮಾಡಿಸಿ. ಬೆಲ್ಟ್ ಬಿಗಿ ಜಾಸ್ತಿ ಇದೆಯಾ ನೋಡಿ, ಪುಲ್ಲಿಯನ್ನು ಬೇರಿಂಗಿಗೆ ಆದಷ್ಟು ಹತ್ತಿರ ತನ್ನಿ. ಒಂದು ಎಚ್ಚರ: ಮೆಟ್ಟಿಲಿನ ರೇಡಿಯಸ್ ಬೇರಿಂಗಿನ ಮೂಲೆಯ ರೇಡಿಯಸ್‌ಗಿಂತ ಕಮ್ಮಿ ಇರಬೇಕು, ಇಲ್ಲದಿದ್ದರೆ ಬೇರಿಂಗ್ ಪೂರ್ತಿ ಕೂರುವುದಿಲ್ಲ. ದೊಡ್ಡ ರೇಡಿಯಸ್ಸೇ ಬೇಕಾದರೆ ನಡುವೆ ಒಂದು ಸ್ಪೇಸರ್ ರಿಂಗ್ ಹಾಕಿಸಿ.