ಇಸಿಎಂ ಹಾಕುವ ಮೊದಲು ಕಾಯಿಲ್ ನೋಡಿ

"ಇಸಿಎಂ ಹೋಗಿದೆಯಂತೆ, ಒಂದು ಹಾಕಿ ಕೊಡಿ" ಅಂತ ಬರುವ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿರುವುದೇ ಇಲ್ಲ. ಸಾಗರದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜ್. ನಮ್ಮ ಕಡೆಯ ಮಳೆಗೆ ಅರ್ಥ್ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ಕಪ್ಲರ್ (ವೈರ್ ಸಿಕ್ಕಿಸುವ ಕನೆಕ್ಟರ್) ಪಿನ್‌ಗೆ ಕಿಲುಬು ಬಂದಿರುತ್ತದೆ, ಇಲ್ಲಾ ಇಲಿ ವೈರ್ ಕಡಿದಿರುತ್ತದೆ. ಯಾವುದೋ ಒಂದು ಸೆನ್ಸಾರ್ ಒಳಗೇ ಶಾರ್ಟ್ ಆಗಿ, ಸೆನ್ಸಾರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್ ಲೈನನ್ನು ಕೆಳಗೆ ಎಳೆದರೂ ಕಾರು ಸ್ಟಾರ್ಟ್ ಆಗದೆ ನಿಲ್ಲಬಹುದು. ಆ ಸೆನ್ಸಾರಿನ ಕಪ್ಲರ್ ಕಿತ್ತರೆ 5 ವೋಲ್ಟ್ ವಾಪಸ್ ಬರುತ್ತದೆ. ಇದನ್ನೆಲ್ಲ ನೋಡಿ ಮುಗಿದ ಮೇಲೆ ಇಸಿಎಂ ಮೇಲೆ ಅನುಮಾನ ಪಡಬೇಕು.

ಇಲ್ಲಿ ಬರೆಯುತ್ತಿರುವುದು ನಿಜಕ್ಕೂ ಇಸಿಎಂ ಸುಟ್ಟಿದ್ದ ಒಂದು ಕಾರಿನ ಬಗ್ಗೆ. ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು, ಅಂದ್ರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿರಲಿಲ್ಲ. ಬೇರೆ ಕಡೆ ಪ್ಲಗ್ ಬದಲಿಸಿದ್ದರು, ಪ್ಲಗ್‌ಗೆ ಕಿಡಿ ಕೊಡುವ ಕಾಯಿಲನ್ನೂ ಹೊಸದು ಹಾಕಿ ನೋಡಿದ್ದರು. ಮಿಸ್ ಹೋಗಲಿಲ್ಲ ಅಂತ ಹಳೆಯ ಕಾಯಿಲನ್ನೇ ವಾಪಸ್ ಕೂರಿಸಿ, ಇಸಿಎಂ ಬದಲಿಸಿ ಅಂದಿದ್ದರು. ಅವರ ಊಹೆ ಸರಿಯಿತ್ತು. ಆದರೆ ಹಳೆಯ ಕಾಯಿಲ್ ಅಲ್ಲೇ ಇತ್ತಲ್ಲ, ತೊಂದರೆ ಇದ್ದದ್ದೇ ಅದರಲ್ಲಿ.

ಸ್ಕ್ಯಾನರ್ ಹಾಕಿದರೆ ಪಿ0303 ಮತ್ತು ಪಿ0353 ಎಂಬ ಎರಡು ದೋಷದ ಕೋಡ್ ಬಂದವು. ಮೊದಲನೆಯದು ಮೂರನೇ ಸಿಲಿಂಡರ್ ಮಿಸ್‌ಫೈರ್. ಎರಡನೆಯದು ಮೂರನೇ ಕಾಯಿಲ್‌ನ ಸರ್ಕ್ಯೂಟ್. ಉಳಿದ ಮೂರು ಸಿಲಿಂಡರ್ ಚೆನ್ನಾಗಿ ಓಡುತ್ತಿವೆ ಅಂದ್ರೆ ಇಸಿಎಂಗೆ ಬರುವ ಕರೆಂಟು, ಅರ್ಥ್, ಕ್ರ್ಯಾಂಕ್ ಸೆನ್ಸಾರ್ ಎಲ್ಲ ಸರಿ ಇವೆ ಅಂತಲೇ ಅರ್ಥ. ಹುಡುಕುವ ಜಾಗ ಅಲ್ಲಿಗೆ ಚಿಕ್ಕದಾಯಿತು.

ಇಂಥ ಕಡೆ ಎಲ್ಲರೂ ಮಾಡುವ ಕೆಲಸ ಅಂದ್ರೆ ಕಾಯಿಲ್‌ಗಳನ್ನು ಅದಲು ಬದಲು ಮಾಡಿ ನೋಡುವುದು. ಈ ಕಾರಿನಲ್ಲಿ ನಾನು ಅದನ್ನು ಮಾಡಲಿಲ್ಲ. ಇದರದು ಎರಡು ವೈರಿನ ಕಾಯಿಲ್. ಒಂದು ವೈರಿಗೆ ಇಗ್ನಿಷನ್ ಆನ್ ಮಾಡಿದಾಗ 12 ವೋಲ್ಟ್ ಬರುತ್ತದೆ. ಇನ್ನೊಂದು ನೇರ ಇಸಿಎಂಗೆ ಹೋಗುತ್ತದೆ. ಕಾಯಿಲನ್ನು ಆನ್ ಆಫ್ ಮಾಡುವ ಡ್ರೈವರ್ ಟ್ರಾನ್ಸಿಸ್ಟರ್ ಇರುವುದು ಇಸಿಎಂ ಒಳಗೆ. ಕಾಯಿಲ್ ಒಳಗೆ ಶಾರ್ಟ್ ಇದ್ದರೆ ಆ ಟ್ರಾನ್ಸಿಸ್ಟರ್ ಮೇಲೆ ಕರೆಂಟು ಜಾಸ್ತಿ ಬಿದ್ದು ಅದು ಸುಡುತ್ತದೆ. ಅಂಥ ಕಾಯಿಲನ್ನು ತಂದು ಎರಡನೇ ಸಿಲಿಂಡರಿಗೆ ಹಾಕಿದರೆ ಅದರ ಡ್ರೈವರೂ ಹೋಗಬಹುದು. ಹಾಗಾಗಿ ಚೆನ್ನಾಗಿರುವ ಕಾಯಿಲನ್ನು ಮೂರನೆಯದಕ್ಕೆ ತನ್ನಿ, ಅನುಮಾನದ ಕಾಯಿಲನ್ನು ಎಲ್ಲಿಗೂ ಹಾಕಬೇಡಿ.

ಮೂರನೇ ಕಾಯಿಲ್‌ನ ಕಪ್ಲರಿಗೆ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಸೆಲ್ಫ್ ಹೊಡೆಸಿದೆ. ಮಿನುಗಲಿಲ್ಲ. ಎರಡನೆಯದರ ಕಪ್ಲರಿನಲ್ಲಿ ಚೆನ್ನಾಗಿ ಮಿನುಗಿತು. ಮೂರನೆಯದಕ್ಕೆ 12 ವೋಲ್ಟ್ ಬರುತ್ತಿತ್ತು, ಇಸಿಎಂ ಕಡೆಯಿಂದ ಬರಬೇಕಾದ ಅರ್ಥ್ ಬರುತ್ತಿರಲಿಲ್ಲ. ಇನ್ನು ಉಳಿದದ್ದು ನಡುವಿನ ವೈರ್. ಮಲ್ಟಿಮೀಟರಿನ ಬೀಪ್ ನಂಬಬೇಡಿ. ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು ಬೀಪ್ ಮಾಡುತ್ತದೆ. ಎರಡೂ ತುದಿಯ ಕಪ್ಲರ್ ತೆಗೆದು, ಆ ವೈರ್ ಮೂಲಕವೇ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್ ಉರಿಸಿದೆ. ಒಂದೂಮುಕ್ಕಾಲು ಆಂಪಿಯರ್ ಹರಿಯಬೇಕಾಗುತ್ತದೆ, ಅರೆಬರೆ ವೈರ್ ಆಗಿದ್ದರೆ ಬಲ್ಬ್ ಮಂಕಾಗುತ್ತದೆ. ಪೂರ್ತಿ ಉರಿಯಿತು. ಹಾಗಾದರೆ ಸತ್ತಿರುವುದು ಇಸಿಎಂ ಒಳಗಿನ ಡ್ರೈವರೇ. (ಕಪ್ಲರ್ ಪಿನ್ ಒಳಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ. ಪಿನ್ ಬಾಯಿ ಅಗಲವಾದರೆ ಹೊಸದೊಂದು ತಲೆನೋವು.)

"ಹಾಗಾದ್ರೆ ಹೊಸದು ಹಾಕಿದ್ರೆ ಆಯ್ತಲ್ಲ ಮಾರಾಯ್ರೆ?" ಅಂದರು ಕಾರಿನವರು. ಆಗುತ್ತಿರಲಿಲ್ಲ.

ಹಳೆಯ ಕಾಯಿಲ್ ತಣ್ಣಗಿದ್ದಾಗ ಉಳಿದವುಗಳಷ್ಟೇ ಓಮ್ (ಕರೆಂಟಿಗೆ ಇರುವ ತಡೆ) ತೋರಿಸಿತು. ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿದರೆ ಓಮ್ ಇಳಿಯಿತು. ತಾಮ್ರ ಬಿಸಿಯಾದರೆ ಓಮ್ ಸ್ವಲ್ಪ ಏರಬೇಕು, ಇಳಿಯಬಾರದು. ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿ ಶಾರ್ಟ್ ಆಗಿದ್ದವು. ಯಾಕೆ ಹೀಗಾಯಿತು ಅಂತ ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿ ಇಂಜಿನ್ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರಿ, ಕಾಯಿಲ್‌ನ ರಬ್ಬರ್ ಆಯಿಲ್ ಕುಡಿದು ಉಬ್ಬಿತ್ತು. ಅದರ ಮೈಮೇಲೆ ಕಿಡಿ ಹರಿದ ಕಪ್ಪು ಗೆರೆ ಬೇರೆ. ಪ್ಯಾಕಿಂಗ್ ಹೋಯಿತು, ಅದರಿಂದ ಕಾಯಿಲ್ ಹೋಯಿತು, ಕಾಯಿಲ್‌ನಿಂದ ಇಸಿಎಂ. ಬದಲಿಸುವ ಕ್ರಮವೂ ಇದೇ: ಮೊದಲು ಪ್ಯಾಕಿಂಗ್, ಆಮೇಲೆ ನಾಲ್ಕೂ ಪ್ಲಗ್ ಮತ್ತು ಕಾಯಿಲ್, ಕೊನೆಗೆ ಇಸಿಎಂ. ಆ ಕಾಯಿಲ್ ಇದ್ದ ಹಾಗೇ ಹೊಸ ಇಸಿಎಂ ಹಾಕಿದ್ದರೆ ಅದೂ ಸುಡುತ್ತಿತ್ತು.

ಕಂಪನಿಯ ಹೊಸ ಇಸಿಎಂ ಆ ಕಾರಿನ ವಯಸ್ಸಿಗೆ ತೀರಾ ದುಬಾರಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಳಸಿದ ಇಸಿಎಂ ಒಂದನ್ನು ತರಿಸಿದೆ. ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಒಂದೇ ಇರಬೇಕು. ನೋಡಲು ಒಂದೇ ತರ ಇದ್ದರೂ ಒಳಗಿನ ಸಾಫ್ಟ್‌ವೇರ್ ಬೇರೆ ಇರಬಹುದು.

ಗುಜರಿಯದನ್ನು ಸುಮ್ನೆ ಸಿಕ್ಕಿಸಿದರೆ ಕಾರು ಸ್ಟಾರ್ಟ್ ಆಗಲ್ಲ. ಕೀ ಒಳಗಿನ ಚಿಪ್, ಬೇರೆ ಕೀಗೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್, ಇಸಿಎಂ ಈ ಮೂರಕ್ಕೂ ಒಂದು ಗುಟ್ಟಿನ ಒಪ್ಪಂದ ಇರುತ್ತದೆ, ಅದು ಇಪ್ರಾಮ್ ಎಂಬ ಎಂಟು ಕಾಲಿನ ಚಿಪ್‌ನಲ್ಲಿ ಬರೆದಿರುತ್ತದೆ. ಹಳೆಯ ಇಸಿಎಂನಲ್ಲಿ ಸತ್ತದ್ದು ಡ್ರೈವರ್ ಮಾತ್ರ, ಆ ಚಿಪ್ ಗಟ್ಟಿಯಾಗಿಯೇ ಇತ್ತು. ಮುಚ್ಚಳದ ಸಿಲಿಕೋನನ್ನು ಮೆಲ್ಲಗೆ ಬಿಸಿ ಮಾಡಿ ಬಿಡಿಸಿದೆ, ಕ್ಲಿಪ್ ಹಾಕಿ ಡೇಟಾ ಓದಿದೆ. ಒಮ್ಮೆ ಓದಿದ್ದನ್ನು ನಂಬಲ್ಲ, ಮತ್ತೆ ಓದಿ ಎರಡೂ ಫೈಲ್ ಹೋಲಿಸುತ್ತೇನೆ. ಗುಜರಿ ಇಸಿಎಂನ ಸ್ವಂತ ಡೇಟಾವನ್ನೂ ತೆಗೆದಿಟ್ಟುಕೊಂಡು ಆಮೇಲೆ ಹಳೆಯ ಇಸಿಎಂನ ಡೇಟಾವನ್ನು ಅದಕ್ಕೆ ಬರೆದೆ. ಇದು ಕಳ್ಳತನಕ್ಕೂ ಬಳಸಬಹುದಾದ ಕೆಲಸ. ಆರ್‌ಸಿ ಮತ್ತು ಎರಡೂ ಕೀ ಕೈಗೆ ಬಾರದೆ ನಾನು ಇಂಥ ಕಾರು ಮುಟ್ಟುವುದಿಲ್ಲ. ಯಾರು ಏನಂದುಕೊಂಡರೂ ಸರಿ.

ಕೂರಿಸುವ ಕೆಲಸ ಸಲೀಸು. ಇಗ್ನಿಷನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ನೆಗೆಟಿವ್ ತೆಗೆದೆ, ಬಾಡಿಯ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡೆ, ಕಪ್ಲರನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದು ಲಾಕ್ ಮಾಡಿದೆ. ಕೀ ತಿರುಗಿಸಿದಾಗ ಇಮ್ಮೊಬಿಲೈಸರ್ ಲೈಟ್ ಆರಿತು, ಇಂಜಿನ್ ಹಿಡಿಯಿತು. ಮೊದಲು ಐಡಲ್ (ನಿಂತಲ್ಲೇ ಇಂಜಿನ್ ಓಡುವ ವೇಗ) ಏರಿಳಿಯಿತು, ಅದು ಸಹಜ. ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆಯಬೇಕು ಅಂತ ಇಸಿಎಂ ಹೊಸದಾಗಿ ಕಲಿಯಬೇಕಲ್ವಾ. ಎಸಿ ಆಫ್ ಮಾಡಿ ಫ್ಯಾನ್ ತಿರುಗುವವರೆಗೆ ಬಿಟ್ಟೆ, ನಂತರ ಎಸಿ ಆನ್ ಮಾಡಿ ಇನ್ನಷ್ಟು ಹೊತ್ತು. ಕೋಡ್ ಅಳಿಸಿ, ತ್ಯಾಗರ್ತಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಲೈವ್ ಡೇಟಾ ನೋಡಿದೆ. ಮೂರನೇ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಸೊನ್ನೆ. ಸ್ಕ್ಯಾನರ್ ತೋರಿಸಿದ 17 ಅಕ್ಷರದ ಚಾಸಿಸ್ ನಂಬರ್ ಆರ್‌ಸಿಯಲ್ಲಿ ಇದ್ದದ್ದೇ. ಇಪ್ರಾಮ್ ಜೊತೆ ಅದೂ ಬಂದಿತ್ತು.

ಹಳೆಯ ಇಸಿಎಂ ಮತ್ತು ಡೇಟಾ ಫೈಲ್ ಎರಡನ್ನೂ ಕಾರಿನವರಿಗೇ ಕೊಟ್ಟೆ. ಕಾಯಿಲನ್ನು ಮಾತ್ರ ಸುತ್ತಿಗೆಯಲ್ಲಿ ಒಡೆದು ಗುಜರಿ ಡಬ್ಬಿಗೆ ಹಾಕಿದೆ. ಇಡಿಯಾಗಿ ಬಿಟ್ಟರೆ, ಓಮ್ ಸರಿ ಇದೆ ಅಂತ ಇನ್ಯಾರೋ ಎತ್ತಿ ಹಾಕುತ್ತಾರೆ.