ಮಕ್ಕಳ ಭಾಷಣಕ್ಕೆ ಅಂಕ ಹಾಕುವಾಗ

ಮುಂಬಯಿ, ಡೊಂಬಿವಲಿ, ಪುಣೆಯ ಕನ್ನಡ ತರಗತಿಗಳಲ್ಲಿ ಮನೆಯಲ್ಲಿ ತುಳು ಆಡುವ ಮಗು, ಕಲಬುರಗಿ ಕಡೆಯ ಕನ್ನಡ ಆಡುವ ಮಗು, ಚಾಳಿನಲ್ಲಿ ದಿನವಿಡೀ ಹಿಂದಿ-ಮರಾಠಿ ಕೇಳುವ ಮಗು ಅಕ್ಕಪಕ್ಕದಲ್ಲೇ ಕೂತಿರುತ್ತಾರೆ. ಮೂವರೂ ಮೂರು ಮೂರು ನಿಮಿಷ ಮಾತಾಡುತ್ತಾರೆ. ‘ಚೆನ್ನಾಗಿ ಮಾತಾಡಿದ, 20ಕ್ಕೆ 16’ ಎಂದು ಬರೆದು ಮುಗಿಸಿದರೆ, ಆ 16ರಲ್ಲಿ ಎಷ್ಟು ಅಂಕ ಮಗುವಿನ ತಯಾರಿಗೆ, ಎಷ್ಟು ಅದರ ಮನೆಮಾತಿಗೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಅಂಕವನ್ನು ಬಿಡಿಸಿ ಹಾಕಬೇಕು. ಆಧಾರವನ್ನು ಕೇಳುವಾಗಲೇ ಬರೆದಿಟ್ಟುಕೊಳ್ಳಬೇಕು.

ಮಹಾರಾಷ್ಟ್ರ ಮಂಡಳಿಯ ಹತ್ತನೇ ತರಗತಿಯ ಭಾಷಾ ವಿಷಯಗಳಲ್ಲಿ 80 ಅಂಕ ಲಿಖಿತ, 20 ಅಂಕ ಶಾಲೆಯ ಮಟ್ಟದ ಮೌಲ್ಯಮಾಪನ. ಆ 20ರೊಳಗೆ ಮಾತಿಗೆ ಎಷ್ಟು ಎಂಬುದನ್ನು ಮಂಡಳಿಯ ಆಯಾ ವರ್ಷದ ಸೂಚನೆ ನೋಡಿಯೇ ಹಾಕಿ. ಇಲ್ಲಿ ಹೇಳುವ 20 ಅಂಕದ ಪಟ್ಟಿ ತರಗತಿಯ ಭಾಷಣಕ್ಕೆ ಮತ್ತು ಸಂಘಗಳ ಭಾಷಣ ಸ್ಪರ್ಧೆಗೆ.

ಹಂಚಿಕೆ ಹೀಗಿರಲಿ: ವಿಷಯಕ್ಕೆ 6, ಜೋಡಣೆಗೆ 4, ಭಾಷೆಗೆ 4, ಧ್ವನಿ ಮತ್ತು ನಿಂತು ಮಾತಾಡುವ ರೀತಿಗೆ 3, ಪ್ರಶ್ನೆಗೆ ಕೊಡುವ ಉತ್ತರಕ್ಕೆ 3. ಇದನ್ನು ಮಕ್ಕಳಿಗೆ ಒಂದು ವಾರ ಮೊದಲೇ ಬೋರ್ಡಿನ ಮೇಲೆ ಬರೆದು ತೋರಿಸಿ. ಮುಚ್ಚಿಟ್ಟ ಪಟ್ಟಿಯಿಂದ ಮಕ್ಕಳು ಕಲಿಯುವುದು ಏನೂ ಇಲ್ಲ.

ವಿಷಯಕ್ಕೆ ಅಂಕ ಹಾಕುವಾಗಲೇ ಹೆಚ್ಚು ಎಡವುವುದು. ‘ಮುಂಬಯಿಯ ಮಳೆಗಾಲ’ ಎಂಬ ವಿಷಯ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ‘ತುಂಬಾ ಮಳೆ ಬರುತ್ತದೆ, ಜನರಿಗೆ ತೊಂದರೆಯಾಗುತ್ತದೆ’ ಎಂಬಷ್ಟರಲ್ಲೇ ಮೂರು ನಿಮಿಷ ಕಳೆದರೆ 2. ‘2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು’ ಎಂದು ನಿಖರವಾದ ಸಂಗತಿ ತಂದರೆ 4. ಸಮುದ್ರದಲ್ಲಿ ಉಬ್ಬರ ಇದ್ದಾಗ ಮೀಠಿ ನದಿಯ ನೀರು ಮಾಹಿಮ್ ಕೊಲ್ಲಿಗೆ ಸರಾಗವಾಗಿ ಇಳಿಯುವುದಿಲ್ಲ, ನದಿಯ ದಂಡೆ ಒತ್ತುವರಿಯಾಗಿ ಪಾತ್ರವೂ ಕಿರಿದಾಗಿದೆ, ಅದಕ್ಕೇ ಕುರ್ಲಾದಂಥ ಜಾಗಗಳಲ್ಲಿ ನೀರು ನಿಂತಿತು ಎಂದು ಕಾರಣವನ್ನೂ ಕೂಡಿಸಿದರೆ ಪೂರ್ತಿ 6. ಮಗು 944ರ ಬದಲು 94 ಎಂದರೆ ಒಂದು ಅಂಕ ಕಳೆಯಿರಿ, ಒಂದೇ ಸಲ. ಅದೇ ತಪ್ಪಿಗೆ ಜೋಡಣೆಯಲ್ಲೂ ಉತ್ತರದಲ್ಲೂ ಮತ್ತೆ ಕಳೆಯಬೇಡಿ.

ಜೋಡಣೆಯನ್ನು ಅಳೆಯಲು ಸುಲಭದ ದಾರಿ ಇದೆ. ಭಾಷಣ ಕೇಳುತ್ತಾ ಮುಖ್ಯ ಅಂಶಗಳನ್ನು ಒಂದೊಂದೇ ಪದದಲ್ಲಿ ಗೀಚಿಕೊಳ್ಳಿ: ಮಳೆ, ನದಿ, ಉಬ್ಬರ, ರೈಲು, ಪರಿಹಾರ. ಮುಗಿದ ಮೇಲೆ ಆ ಪದಗಳನ್ನು ನೋಡಿ ಭಾಷಣವನ್ನು ನೀವೇ ಹೇಳಬಲ್ಲಿರಾದರೆ 4. ಕೊಂಡಿ ಎಲ್ಲಿ ತಪ್ಪಿತೋ ಅಲ್ಲಿಗೆ ಅಂಕವೂ ಇಳಿಯಲಿ. ‘ಪೂಜ್ಯ ಅಧ್ಯಕ್ಷರೇ, ಗುರುಹಿರಿಯರೇ’ ಎಂಬ ಮುನ್ನುಡಿ ಅರ್ಧ ನಿಮಿಷ ನುಂಗಿದರೆ ಅದನ್ನು ಬರೆದುಕೊಳ್ಳಿ. ಮೂರು ನಿಮಿಷದಲ್ಲಿ ಅರ್ಧ ನಿಮಿಷ ಸಣ್ಣದಲ್ಲ.

ಇನ್ನು ಭಾಷೆ. ಇಲ್ಲಿ ನ್ಯಾಯವಾಗಿ ನಡೆದುಕೊಳ್ಳುವುದು ನಿಜಕ್ಕೂ ಕಷ್ಟ. ಕರಾವಳಿಯಿಂದ ಬಂದ ಮನೆಗಳ ಮಕ್ಕಳ ಕನ್ನಡ ಪುಸ್ತಕದ ಕನ್ನಡಕ್ಕೆ ಹತ್ತಿರ. ತುಳು ಮನೆಮಾತಾದ ಅನೇಕರು ಕನ್ನಡವನ್ನು ಶಾಲೆಯಲ್ಲೇ ಕಲಿಯುವುದರಿಂದ ಹಾಗಾಗುತ್ತದೆ. ಅವರ ಮಾತು ಕಿವಿಗೆ ಶುದ್ಧ ಅನಿಸುತ್ತದೆ. ಗೋವಾದ ವಾಸ್ಕೋ ಬಳಿಯ ಜುವಾರಿನಗರದಲ್ಲೋ ಪುಣೆ ಬಳಿಯ ಪಿಂಪ್ರಿಯಲ್ಲೋ ಇರುವ ಉತ್ತರ ಕರ್ನಾಟಕದ ಮಗು ‘ಮಳಿ ಬರಾಕತ್ತಿತ್ತು, ನೀರು ಹೋಗಾಕ ದಾರಿ ಇರಲಿಲ್ಲ’ ಎಂದರೆ ಕೈ ತಾನಾಗಿ ಒಂದು ಅಂಕ ಕಡಿಮೆ ಬರೆಯುತ್ತದೆ. ಬರೆಯಬಾರದು. ಅದು ತಪ್ಪು ಕನ್ನಡವಲ್ಲ, ಆ ಸೀಮೆಯ ಕನ್ನಡ. ಗ್ರಾಂಥಿಕ ಭಾಷೆಯೇ ಬೇಕು ಎಂದಿದ್ದರೆ ಸ್ಪರ್ಧೆಯ ನಿಯಮದಲ್ಲಿ ಮೊದಲೇ ಹೇಳಿ. ಹೇಳದೆ ಅಂಕ ಕಳೆಯುವುದು ಅನ್ಯಾಯ.

ಅಂಕ ಕಳೆಯಬೇಕಾದದ್ದು ಅರ್ಥ ಕೆಟ್ಟಾಗ. ಹಿಂದಿ, ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಇಲ್ಲ. ಆ ಭಾಷೆಗಳ ನಡುವೆ ಬೆಳೆದ ಮಗು ‘ಮಳೆಯಿಂದ ಬೆಳೆ ಹಾಳಾಯಿತು’ ಎನ್ನಲು ಹೋಗಿ ‘ಬೇಳೆ ಹಾಳಾಯಿತು’ ಎನ್ನುತ್ತದೆ. ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ಒತ್ತಕ್ಷರ ಜಾರಿದರೆ ‘ಹಳ್ಳಿ’ ‘ಹಳಿ’ಯಾಗುತ್ತದೆ. ಇಂಥದ್ದು ಒಂದೆರಡು ಸಲ ಬಂದರೆ ಬಿಡಿ. ಕೇಳುವವರು ಗೊಂದಲಕ್ಕೆ ಬೀಳುವಷ್ಟು ಬಂದರೆ ಒಂದು ಅಂಕ ಕಳೆದು, ಆ ಪದವನ್ನೇ ಹಾಳೆಯಲ್ಲಿ ಬರೆದು ಮಗುವಿಗೆ ಕೊಡಿ. ‘ಉಚ್ಚಾರ ಸುಧಾರಿಸಬೇಕು’ ಎಂದು ಬರೆದರೆ ಮಗುವಿಗೆ ಮನೆಯಲ್ಲಿ ಅಭ್ಯಾಸ ಮಾಡಲು ಏನೂ ಸಿಕ್ಕುವುದಿಲ್ಲ. ‘ಬೆಳೆ, ಬೇಳೆ’ ಎಂದು ಬರೆದರೆ ಸಿಗುತ್ತದೆ.

ವೇಗಕ್ಕೆ ಇಂಗ್ಲಿಷ್ ಭಾಷಣದ ‘ನಿಮಿಷಕ್ಕೆ 130–150 ಪದ’ ಎಂಬ ಅಳತೆಯನ್ನು ತರಬೇಡಿ. ಇಂಗ್ಲಿಷಿನಲ್ಲಿ ಮೂರ್ನಾಲ್ಕು ಪದ ಬೇಕಾಗುವುದನ್ನು ಕನ್ನಡದಲ್ಲಿ ‘ಹೋಗಬೇಕಾಗಿತ್ತು’ ಎಂಬ ಒಂದೇ ಪದ ಹೇಳುತ್ತದೆ. ಆ ಲೆಕ್ಕ ಹಿಡಿದರೆ ಚೆನ್ನಾಗಿ ಮಾತಾಡುವ ಮಗುವೂ ನಿಧಾನ ಎನಿಸುತ್ತದೆ. ವಾಕ್ಯ ಮುಗಿದಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೇ, ಸಂಖ್ಯೆ ಹೇಳಿದ ಮೇಲೆ ಚೂರು ನಿಲ್ಲುತ್ತದೆಯೇ ಎಂಬುದನ್ನು ಗಮನಿಸಿ.

ಧ್ವನಿಗೆ ಅಂಕ ಹಾಕುವವರು ಮೊದಲ ಬೆಂಚಿನಲ್ಲಿ ಕೂರಬಾರದು. ಕೊನೆಯಿಂದ ಎರಡನೇ ಬೆಂಚಿನಲ್ಲಿ ಕೂತು ಕೇಳಿ. ರೆಕಾರ್ಡ್ ಮಾಡುವುದಾದರೆ ಪೋಷಕರ ಒಪ್ಪಿಗೆ ಪಡೆದು ಫೋನನ್ನೂ ಅಲ್ಲೇ ಇಡಿ. ರೈಲು ಹಳಿಯ ಪಕ್ಕದ ಶಾಲೆಯಾದರೆ ಲೋಕಲ್ ಹಾದುಹೋಗುವಾಗ ಮಾತು ನಿಲ್ಲಿಸಬಹುದು, ಆ ಸಮಯ ಲೆಕ್ಕಕ್ಕಿಲ್ಲ ಎಂದು ಮೊದಲೇ ತಿಳಿಸಿ. ರೈಲಿನ ಮೇಲೆ ಕಿರುಚಿದ ಮಗುವಿಗೆ ‘ಗಟ್ಟಿ ಧ್ವನಿ’ ಎಂದು 3 ಹಾಕುವುದು ಸರಿಯಲ್ಲ. ಕೈ ನಡುಗಿದ್ದಕ್ಕೆ ಅಂಕ ಕಳೆಯಬೇಡಿ.

ಬಾಯಿಪಾಠ ಮಾಡಿದ್ದನ್ನು ಪತ್ತೆಮಾಡುವುದು ಸುಲಭ: ಎಲ್ಲಿ ಮರೆಯಿತೋ ಅಲ್ಲಿಂದ ಮುಂದೆ ಹೋಗಲಾಗದೆ ಮಗು ವಾಕ್ಯದ ಮೊದಲಿಗೆ ವಾಪಸ್ ಹೋಗುತ್ತದೆ. ವಿಷಯ ತಿಳಿದ ಮಗು ಮರೆತರೆ ಬೇರೆ ಮಾತಿನಲ್ಲಿ ದಾಟುತ್ತದೆ. ಪ್ರಶ್ನೆಗೆಂದು 3 ಅಂಕ ಎತ್ತಿಟ್ಟಿರುವುದು ಇದಕ್ಕಾಗಿಯೇ. ನೆನಪಿನ ಪ್ರಶ್ನೆ ಬೇಡ. ‘ನಿಮ್ಮ ಓಣಿಯಲ್ಲಿ ನೀರು ನಿಂತರೆ ಅದು ಯಾವ ಕಡೆ ಹೋಗಬೇಕು?’ ಎಂಬಂಥದ್ದನ್ನು ಕೇಳಿ. ‘ಗೊತ್ತಿಲ್ಲ, ಆದರೆ ಹೀಗಿರಬಹುದು’ ಎಂದು ಯೋಚಿಸಿ ಹೇಳಿದ ಮಗುವಿಗೆ ಕನಿಷ್ಠ 2 ಸಲ್ಲಬೇಕು. ಭಾಷಣವನ್ನು ದೊಡ್ಡವರು ಬರೆದುಕೊಟ್ಟಿದ್ದರೆ ಅದೂ ಪ್ರಶ್ನೆಗಿಟ್ಟ ಒಂದು ನಿಮಿಷದಲ್ಲಿ ಹೊರಬೀಳುತ್ತದೆ.

ಸಮಯದ ಲೆಕ್ಕ: ಭಾಷಣ 3 ನಿಮಿಷ, ಪ್ರಶ್ನೆ 1, ಅಂಕ ಬರೆಯಲು 1. 35 ನಿಮಿಷದ ಪಿರಿಯಡ್‌ನಲ್ಲಿ ಹಾಜರಿ ಕಳೆದು ಆರು ಮಕ್ಕಳು. 40 ಮಕ್ಕಳಿಗೆ ಏಳು ಪಿರಿಯಡ್ ಬೇಕು. ಒಂದೇ ದಿನ ಮುಗಿಸಲು ಹೋದರೆ ಮಧ್ಯಾಹ್ನದ ಮೇಲೆ ಬಂದವರೆಲ್ಲರಿಗೂ ಒಂದೇ ಅಂಕ ಬೀಳುತ್ತದೆ, ಏಕೆಂದರೆ ಕೇಳುವವರು ದಣಿದಿರುತ್ತಾರೆ. ಮೊದಲು ಮಾತಾಡಿದವರಿಗೆ ಕೈ ಬಿಗಿ ಹಿಡಿಯುವುದೂ ಮಾಮೂಲು. ಆರು ಮಕ್ಕಳಾದ ಮೇಲೆ ಮೊದಲ ಇಬ್ಬರ ಟಿಪ್ಪಣಿಯನ್ನು ಮತ್ತೆ ಓದಿ ಅಂಕ ಸರಿಪಡಿಸಿ.

ಇಬ್ಬರು ತೀರ್ಪುಗಾರರಿದ್ದರೆ, ಹಳೆಯ ರೆಕಾರ್ಡಿಂಗ್ ಎರಡನ್ನು ಮೊದಲು ಬೇರೆಬೇರೆಯಾಗಿ ಕೇಳಿ ಅಂಕ ಹಾಕಿ. ಒಟ್ಟಿನಲ್ಲಿ 2ರ ವ್ಯತ್ಯಾಸ ಇದ್ದರೆ ಪರವಾಗಿಲ್ಲ. 3 ಅಥವಾ ಅದಕ್ಕಿಂತ ಹೆಚ್ಚಾದರೆ ಸರಾಸರಿ ತೆಗೆಯಬೇಡಿ, ಯಾವ ಸಾಲಿನಲ್ಲಿ ಬೇರೆಯಾಯಿತು ಎಂದು ಕೂತು ನೋಡಿ. ಹೆಚ್ಚಿನ ಸಲ ಅದು ಭಾಷೆಯ ಸಾಲೇ ಆಗಿರುತ್ತದೆ.

ಅಂಕದ ಜೊತೆ ಪ್ರತಿ ಮಗುವಿಗೂ ಎರಡು ಸಾಲು ಕೊಡಿ: ಒಂದು, ಭಾಷಣದಲ್ಲಿ ನಿಮಗೆ ನೆನಪುಳಿದ ಅದರದೇ ವಾಕ್ಯ, ಇನ್ನೊಂದು, ಮುಂದಿನ ಸಲ ಮಾಡಬೇಕಾದ ಒಂದೇ ಒಂದು ಕೆಲಸ. ಆ ಹಾಳೆಯ ಪ್ರತಿ ನಿಮ್ಮ ಹತ್ತಿರವೂ ಇರಲಿ. ಮುಂದಿನ ಭಾಷಣದ ದಿನ ಅದನ್ನು ಎದುರಿಗಿಟ್ಟುಕೊಂಡೇ ಕೇಳಲು ಕೂರಿ.