ಟ್ರೈನರ್ ಪರೀಕ್ಷೆಗೆ ನಾನು ಓದಿದ ಬಗೆ

ನಮ್ಮ ಜಿಮ್‌ಗೆ ಬರುವ ಹುಡುಗರಲ್ಲಿ ಟ್ರೈನರ್ ಆಗಬೇಕು ಅನ್ನುವವರು ಮೊದಲು ಕೇಳುವುದು, "ಅಣ್ಣ, ಎಷ್ಟು ಎಕ್ಸರ್‌ಸೈಜ್ ಗೊತ್ತಿರಬೇಕು?" ಅಂತ. ಪಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯ ಟ್ರೈನರ್ ಅಂತ ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಮುಂದೆ ನಿಂತಿರುವ ಮನುಷ್ಯನಿಗೆ ಇವತ್ತು ಯಾವ ವ್ಯಾಯಾಮ ಬೇಡ, ಯಾಕೆ ಬೇಡ ಅಂತ ಹೇಳಲು ಬರಬೇಕು. ಹಾಗೆ ಹೇಳಬೇಕಾದರೆ ಮೈ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರಬೇಕು. ಸರ್ಟಿಫಿಕೇಟ್‌ಗೆ ನಾನು ಓದಿದ್ದು ಇದೇ ಗುರಿ ಇಟ್ಟುಕೊಂಡು.

ನಾನು ಬರೆದದ್ದು ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್, ಅಂದರೆ ಏಸ್ ಸಂಸ್ಥೆಯ ಪರೀಕ್ಷೆ. 1985ರಲ್ಲಿ ಶುರುವಾದ ಸಂಸ್ಥೆ ಅದು. ಪರೀಕ್ಷೆಗೆ ಕೂರಲು 18 ವರ್ಷ ತುಂಬಿರಬೇಕು, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು) ಮತ್ತು ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ತರಬೇತಿಯ ಚಾಲ್ತಿ ಸರ್ಟಿಫಿಕೇಟ್ ಇರಬೇಕು. ಮೂರು ಗಂಟೆ, 150 ಪ್ರಶ್ನೆ. ಅದರಲ್ಲಿ 125ಕ್ಕೆ ಮಾತ್ರ ಅಂಕ. ಉಳಿದ 25 ಯಾವುವು ಅಂತ ನಮಗೆ ತಿಳಿಯುವುದಿಲ್ಲ. 800ಕ್ಕೆ 500 ಬಂದರೆ ಪಾಸು. ಪ್ರಶ್ನೆಗಳಲ್ಲಿ ಬಹಳಷ್ಟು ಹೀಗಿರುತ್ತವೆ: ಕ್ಲೈಂಟ್‌ಗೆ 50 ದಾಟಿದೆ, ಬಿಪಿ ಇದೆ, ಇಷ್ಟು ವರ್ಷ ಕೂತೇ ಕೆಲಸ ಮಾಡಿದ್ದಾರೆ, ನೀವು ಮೊದಲು ಏನು ಮಾಡುತ್ತೀರಿ? ಕೊಟ್ಟಿರುವ ಉತ್ತರಗಳೆಲ್ಲ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತವೆ. ಉರು ಹೊಡೆದವರು ಇಲ್ಲೇ ತಡವರಿಸುವುದು.

ಮೂಳೆ, ಸ್ನಾಯುಗಳ ಹೆಸರನ್ನು ನಾನು ಪುಸ್ತಕ ಮುಚ್ಚಿಟ್ಟು ನನ್ನ ಮೈ ಮೇಲೆಯೇ ಕಲಿತೆ. ನೀವೂ ಮಾಡಿ ನೋಡಿ. ಬೆನ್ನು ಬಗ್ಗಿಸಿ, ಎದೆ ಒಳಗೆ ಹೋಗುವ ಹಾಗೆ ಕೂತು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ. ಎಲ್ಲೋ ಒಂದು ಕಡೆ ತಡೆಯುತ್ತದೆ ಅಲ್ವಾ? ಈಗ ನೆಟ್ಟಗೆ ಕೂತು ಎತ್ತಿ. ಸಲೀಸಾಗಿ ಮೇಲೆ ಹೋಗುತ್ತದೆ. ಕೈ ಪೂರ್ತಿ ಮೇಲೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಮಾತ್ರ ತೋಳಿನ ಕೀಲಿನದು. ಉಳಿದ 60 ಡಿಗ್ರಿ ಬೆನ್ನ ಮೇಲಿನ ಹೆಗಲ ಮೂಳೆ ತಿರುಗುವುದರಿಂದ ಬರುತ್ತದೆ. ಬೆನ್ನು ಗೂನಾದರೆ ಆ ಮೂಳೆಗೆ ತಿರುಗಲು ಜಾಗ ಸಾಲುವುದಿಲ್ಲ.

ಇದೊಂದು ತಿಳಿದ ಮೇಲೆ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬರುವವರಿಗೆ ಮೊದಲ ದಿನವೇ ಓವರ್‌ಹೆಡ್ ಪ್ರೆಸ್, ಅಂದರೆ ತಲೆಯ ಮೇಲಕ್ಕೆ ತೂಕ ಎತ್ತುವ ವ್ಯಾಯಾಮ, ಕೊಡುವುದನ್ನು ನಾನು ಯೋಚನೆಗೂ ತರುವುದಿಲ್ಲ. ಮೊದಲು ರೋಯಿಂಗ್, ಗೋಡೆಗೆ ಬೆನ್ನು ಕೊಟ್ಟು ಕೈ ಜಾರಿಸುವುದು, ಬೆನ್ನಿನ ಮೇಲ್ಭಾಗ ಸಡಿಲವಾಗುವಂಥದ್ದು. ಕೈ ತಾನಾಗಿ ಕಿವಿಯ ಪಕ್ಕಕ್ಕೆ ಬರುವ ಹೊತ್ತಿಗೆ ಡಂಬೆಲ್.

ಸ್ಕ್ವಾಟ್‌ಗೂ ಇದೇ ದಾರಿ. ಕೈ ಮೇಲೆತ್ತಿಕೊಂಡು ಕುಕ್ಕರಗಾಲಿನ ಕಡೆಗೆ ಇಳಿಯಲು ಹೇಳುತ್ತೇನೆ. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡುತ್ತೇನೆ. ಮಂಡಿ ಒಳಗೆ ಬಾಗುತ್ತದೆಯೇ, ಹಿಮ್ಮಡಿ ಏಳುತ್ತದೆಯೇ, ಎದೆ ಮುಂದಕ್ಕೆ ಬೀಳುತ್ತದೆಯೇ? ತೊಂದರೆ ಕಂಡರೆ ಹಿಮ್ಮಡಿಗಳ ಕೆಳಗೆ ಎರಡೂವರೆ ಕೆಜಿಯ ಎರಡು ಪ್ಲೇಟ್ ಇಟ್ಟು ಮತ್ತೆ ಮಾಡಿಸುತ್ತೇನೆ. ಆಗ ಸರಿಹೋದರೆ ಬಿಗಿ ಇರುವುದು ಬಹುಮಟ್ಟಿಗೆ ಕಣಕಾಲಿನಲ್ಲಿ, ಮೀನಖಂಡದಲ್ಲಿ. ಸರಿಹೋಗದಿದ್ದರೆ ಸೊಂಟದ ಕಡೆ ಹುಡುಕಬೇಕು.

ಮಂಡಿ ಕಾಲ್ಬೆರಳು ದಾಟಬಾರದು ಅನ್ನುವ ಮಾತು ಎಲ್ಲ ಜಿಮ್‌ನಲ್ಲೂ ಕಿವಿಗೆ ಬೀಳುತ್ತದೆ. ಮಂಡಿಯನ್ನು ಬಲವಂತವಾಗಿ ಹಿಂದೆ ಹಿಡಿದರೆ ಮಂಡಿಗೆ ಭಾರ ಕಡಿಮೆಯಾಗುವುದು ನಿಜ. ಆದರೆ ಎದೆ ಮುಂದೆ ಬಾಗಿ ಆ ಭಾರ ಸೊಂಟಕ್ಕೆ, ಕೆಳಬೆನ್ನಿಗೆ ಹೋಗುತ್ತದೆ. ಬೆನ್ನುನೋವಿನವರಿಗೆ ಅದೇ ಜಾಸ್ತಿ ತೊಂದರೆ. ಮೈಸೂರಿನ ಗರಡಿ ಮನೆಗಳಲ್ಲಿ ಬಸ್ಕಿ ಹೊಡೆಯುವಾಗ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಬೆರಳಿಗಿಂತ ಎಷ್ಟೋ ಮುಂದೆ ಹೋಗುತ್ತದೆ. ಚಿಕ್ಕಂದಿನಿಂದ ನಿಧಾನವಾಗಿ ಹದ ಮಾಡಿಕೊಂಡ ಪೈಲ್ವಾನರ ಮಂಡಿ ಅದನ್ನು ತಾಳುತ್ತದೆ. ಹಾಗಾಗಿ ಕ್ಲೈಂಟ್‌ನ ಮಂಡಿ, ಬೆನ್ನು ಎರಡನ್ನೂ ನೋಡದೆ ನಾನು ಇಂಥ ನಿಯಮ ಹೇಳುವುದಿಲ್ಲ.

ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವ ಪಾಠ ನನಗೆ ತಲೆಗೆ ಹತ್ತಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ. ಕೆಳಗಿನ ಮೆಟ್ಟಿಲುಗಳನ್ನು ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ ಹತ್ತಿ. ಸುಮಾರು ಹತ್ತು ಸೆಕೆಂಡಿಗೆ ಮೊದಲಿನ ವೇಗ ಇರುವುದಿಲ್ಲ. ಸ್ನಾಯುವಿನೊಳಗೆ ಸಿದ್ಧವಾಗಿದ್ದ ಎಟಿಪಿ ಮತ್ತು ಕ್ರಿಯೇಟಿನ್ ಫಾಸ್ಫೇಟ್ ಅನ್ನುವ ಇಂಧನ ಹೆಚ್ಚೂಕಮ್ಮಿ ಖರ್ಚಾಗಿರುತ್ತದೆ. ಹಟ ಹಿಡಿದು ಮುಂದುವರಿದರೆ ತೊಡೆ ಉರಿಯುತ್ತದೆ. ಈಗ ಗ್ಲೂಕೋಸ್ ಒಡೆದು ಬರುವ ಶಕ್ತಿಯ ಕಾಲ. ಆ ರಭಸ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಡೆಯದು. ಆಮೇಲೆ ವೇಗ ಇಳಿಸಲೇಬೇಕು. ಮಾತಾಡಿಕೊಂಡು ದಾರಿಯಲ್ಲಿರುವ ನಂದಿ ವಿಗ್ರಹದ ತನಕ ಹತ್ತುವವರನ್ನು ಮೇಲೇರಿಸುವುದು ಮುಖ್ಯವಾಗಿ ಆಮ್ಲಜನಕ ಬಳಸಿ ಬರುವ ಶಕ್ತಿ. ಮೂರೂ ಯಾವಾಗಲೂ ಒಟ್ಟಿಗೇ ನಡೆಯುತ್ತಿರುತ್ತವೆ, ಯಾವುದರ ಪಾಲು ದೊಡ್ಡದು ಅನ್ನುವುದಷ್ಟೇ ಬದಲಾಗುತ್ತದೆ.

ಇಳಿಯುವಾಗ ಇನ್ನೊಂದು ಪಾಠ. ಹತ್ತುವಾಗ ಏದುಸಿರು ಬಂದರೂ ತೊಡೆ ಹಿಡಿದುಕೊಳ್ಳುವುದು ಇಳಿದ ಮರುದಿನ, ಅದರ ಮರುದಿನ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವನ್ನು ಆ ಕೆಲಸ ಚೆನ್ನಾಗಿ ನೋಯಿಸುತ್ತದೆ. ಹೊಸಬರಿಗೆ ಮೊದಲ ವಾರ ನಾನು ತೂಕವನ್ನು ನಿಧಾನವಾಗಿ ಇಳಿಸುವ ರೆಪ್‌ಗಳನ್ನು (ಒಂದು ವ್ಯಾಯಾಮವನ್ನು ಒಂದು ಸಲ ಮಾಡಿದರೆ ಒಂದು ರೆಪ್) ಕಡಿಮೆ ಇಡುವುದು ಇದಕ್ಕೇ. ಎರಡನೇ ದಿನ ಬಚ್ಚಲಿನಲ್ಲಿ ಕೂರಲಾಗದವರು ಮೂರನೇ ದಿನ ಜಿಮ್‌ಗೆ ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಶುರುವಿನ ವಿಚಾರಣೆಗೆ. ಪಾರ್‌ಕ್ಯೂ ಅಂತ ಒಂದು ಫಾರಂ ಇದೆ, ಏಳು ಮುಖ್ಯ ಪ್ರಶ್ನೆ. ಹೃದಯದ ತೊಂದರೆ ಅಥವಾ ಬಿಪಿ ಇದೆಯೇ, ಎದೆನೋವು ಬರುತ್ತದೆಯೇ, ತಲೆ ಸುತ್ತಿ ಬೀಳುತ್ತೀರಾ, ಮಾತ್ರೆ ತಗೊಳ್ತಿದ್ದೀರಾ ಅನ್ನುವಂಥವು. ತುಂಬಾ ಕಡೆ ಇದನ್ನು ಸುಮ್ನೆ ಸಹಿ ಹಾಕಿಸಿ ಫೈಲಿಗೆ ಸೇರಿಸುತ್ತಾರೆ. ನಾನು ಎದುರು ಕೂತು ಒಂದೊಂದನ್ನೇ ಕೇಳುತ್ತೇನೆ.

ನಿವೃತ್ತರಾದ ಒಬ್ಬರು ನನ್ನ ಹತ್ತಿರ ಬಂದರು. ಬಿಪಿ ಮಾತ್ರೆಯ ಹಾಳೆಯನ್ನು ಜೇಬಿನಿಂದ ತೆಗೆದು ತೋರಿಸಿದರು. ಬೀಟಾ ಬ್ಲಾಕರ್. ಆ ಮಾತ್ರೆ ಹೃದಯದ ಬಡಿತ ಏರದಂತೆ ಹಿಡಿಯುತ್ತದೆ. 220ರಲ್ಲಿ ವಯಸ್ಸು ಕಳೆದು ಗುರಿ ಬಡಿತ ಹಾಕಿಕೊಡುವ ಲೆಕ್ಕ ಮೊದಲೇ ಬರೀ ಅಂದಾಜಿನದು. ಇವರ ವಿಷಯದಲ್ಲಿ ಅದು ಅಪಾಯ. ಆ ಲೆಕ್ಕ ಕೊಟ್ಟಿದ್ದರೆ ಗಡಿಯಾರದಲ್ಲಿ ಆ ಸಂಖ್ಯೆ ಬರಲಿ ಅಂತ ಅವರು ಓಡುತ್ತಲೇ ಇರುತ್ತಿದ್ದರು. "ಸಾರ್, ಮೊದಲು ನಿಮ್ಮ ಡಾಕ್ಟರ ಹತ್ತಿರ ಒಂದು ಒಪ್ಪಿಗೆ ಚೀಟಿ ಬರೆಸಿಕೊಂಡು ಬನ್ನಿ" ಅಂದೆ. ಬಂದ ಮೇಲೆ ಬಡಿತದ ಗೊಡವೆಗೆ ಹೋಗದೆ ಮಾತಿನ ಪರೀಕ್ಷೆಯಿಂದ ನಡೆಸಿದೆ. ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಮೊಮ್ಮಗನ ವಿಷಯ ಹೇಳುತ್ತಿದ್ದರು. ಎರಡು ಪದಕ್ಕೊಂದು ಉಸಿರು ಬೇಕಾಯಿತು ಅಂದ ಕೂಡಲೇ ವೇಗ ಇಳಿಸುತ್ತಿದ್ದೆ. ತೂಕ ಎತ್ತುವಾಗ ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ಅದಕ್ಕೆ ಪ್ರತಿ ರೆಪ್‌ಗೂ ಜೋರಾಗಿ ಎಣಿಸಿ ಅಂತ ಹೇಳಿದೆ. ಎಣಿಸುವವರು ಉಸಿರು ಹಿಡಿಯಲಾರರು.

ಊಟದ ವಿಷಯದಲ್ಲಿ ನಮ್ಮ ಗಡಿ ಎಲ್ಲಿ ಅಂತ ಪರೀಕ್ಷೆ ಮತ್ತೆ ಮತ್ತೆ ಕೆದಕುತ್ತದೆ. ಒಂದು ಗ್ರಾಂ ಕಾರ್ಬೋಹೈಡ್ರೇಟ್‌ನಲ್ಲಿ 4 ಕ್ಯಾಲೊರಿ, ಪ್ರೋಟೀನ್‌ನಲ್ಲಿ 4, ಕೊಬ್ಬಿನಲ್ಲಿ 9, ಇಷ್ಟು ಹೇಳಬಹುದು. ನಮ್ಮ ದೇಶದ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ವಯಸ್ಕರಿಗೆ ದಿನಕ್ಕೆ ಕೆಜಿ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ತಿಳಿಸಬಹುದು. ಅನ್ನ ಸಾರಿನ ತಟ್ಟೆಗೆ ಹುರುಳಿ, ಮೊಟ್ಟೆ, ಮೊಸರು ಜಾಸ್ತಿ ಮಾಡಿ ಅನ್ನಬಹುದು. ಸಕ್ಕರೆ ಕಾಯಿಲೆಯವರಿಗೆ ಡಯಟ್ ಚಾರ್ಟ್ ಬರೆದುಕೊಡುವುದು, ನೋವಿಗೆ ಹೆಸರು ಇಡುವುದು, ಮಾತ್ರೆ ನಿಲ್ಲಿಸಿ ಅನ್ನುವುದು ನಮ್ಮ ಕೆಲಸವಲ್ಲ. ಇದನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ. ಡಯಟಿಷಿಯನ್, ಫಿಸಿಯೋಥೆರಪಿಸ್ಟ್ ಇಬ್ಬರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳುವ ಟ್ರೈನರ್‌ಗೆ ಗೌರವ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಹುಡುಗರು ಹಾರಿಸಿಬಿಡುವ ಅಧ್ಯಾಯ ಮನಸ್ಸಿನದು. ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಅನ್ನುವ ಮನಶ್ಶಾಸ್ತ್ರಜ್ಞರು ಅಭ್ಯಾಸ ಬದಲಾಗುವುದಕ್ಕೆ ಹಂತಗಳಿವೆ ಅಂತ ತೋರಿಸಿಕೊಟ್ಟರು: ಯೋಚನೆಯೇ ಇಲ್ಲದ ಹಂತ, ಯೋಚಿಸುವ ಹಂತ, ತಯಾರಿ, ಶುರು, ಉಳಿಸಿಕೊಳ್ಳುವುದು. ಡಾಕ್ಟರ್ ಕಳಿಸಿದರು ಅಂತ ಬಂದ ಒಬ್ಬ ಮೇಡಂ, "ಬೆಳಿಗ್ಗೆ ತಿಂಡಿ, ಡಬ್ಬಿ ಅಂತ ನಿಲ್ಲೋಕೂ ಹೊತ್ತಿರಲ್ಲ" ಅಂದರು. ಅವರಿನ್ನೂ ಯೋಚಿಸುವ ಹಂತದಲ್ಲಿದ್ದರು. ಅಲ್ಲಿ ಪ್ಯಾಕೇಜ್ ದರ ಹೇಳಿ ಪ್ರಯೋಜನವಿಲ್ಲ. "ದಿನದಲ್ಲಿ ಯಾವ ಹೊತ್ತು ಸ್ವಲ್ಪ ಬಿಡುವಾಗಿರ್ತೀರಿ, ಮೇಡಂ?" ಅಂತ ಕೇಳಿ ಸುಮ್ಮನಾದೆ. ಯೋಚಿಸಿ ಅವರೇ ಹೇಳಿದರು, ಹನ್ನೊಂದು ಗಂಟೆ ಅಂತ. ಈಗಲೂ ಅದೇ ಹೊತ್ತಿಗೆ ಬರುತ್ತಾರೆ.

ಸಿಪಿಆರ್ ಅನ್ನು ದಯವಿಟ್ಟು ಗೊಂಬೆಯ ಮೇಲೆ ಕೈಯಿಟ್ಟು ಕಲಿಯಿರಿ, ವಿಡಿಯೋ ನೋಡಿದರೆ ಸಾಲದು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ, 30 ಒತ್ತಿಗೆ ಎರಡು ಉಸಿರು. ನೂರು ಕೆಜಿ ಎತ್ತುವವರ ತೋಳೂ ಎರಡು ನಿಮಿಷಕ್ಕೆ ಸೋಲುತ್ತದೆ. ಅದಕ್ಕೇ ಇನ್ನೊಬ್ಬರು ಪಕ್ಕದಲ್ಲಿ ತಯಾರಿರಬೇಕು ಅನ್ನುತ್ತಾರೆ.

ಏಸ್ ಕೊಡುವ ಟ್ರೈನರ್ ಸರ್ಟಿಫಿಕೇಟ್ ಎರಡು ವರ್ಷಕ್ಕೆ ಮುಗಿಯುತ್ತದೆ. ನವೀಕರಿಸಲು ಈ ಅವಧಿಯಲ್ಲಿ 20 ಗಂಟೆಯ ಮುಂದಿನ ಕಲಿಕೆ ತೋರಿಸಬೇಕು. ನನ್ನ ಹತ್ತಿರ ಬರುವವರಲ್ಲಿ 60 ದಾಟಿದವರು ಹೆಚ್ಚುತ್ತಿದ್ದಾರೆ. ಈ ಸಲದ ಗಂಟೆಗಳನ್ನು ವಯಸ್ಸಾದವರ ಸಮತೋಲನ ಮತ್ತು ಬೀಳದಂತೆ ನಡೆಯುವ ಅಭ್ಯಾಸದ ಕೋರ್ಸಿಗೆ ಇಟ್ಟಿದ್ದೇನೆ.